ಮಾತಾಡುವ ಗ್ಲೌಸ್ ಯಾರಿಗೆ ಬೇಕು?

ಈ ವಾರದ ಸಂಚಿಕೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನೂ ಒಂದು ‘ಮಾತಾಡುವ ಗ್ಲೌಸ್’ ಮಾಡಿದ್ದೆ.

ಇಂಥ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ವೈರುಗಳು ನೇತಾಡುವ ಕೈಗವಸು ಹಾಕಿಕೊಂಡ ಒಬ್ಬ ವಿದ್ಯಾರ್ಥಿ ಬೆರಳು ಮಡಿಸ್ತಾನೆ, ಪಕ್ಕದಲ್ಲಿರುವ ಫೋನು ‘ನನಗೆ ನೀರು ಬೇಕು’ ಅನ್ನುತ್ತೆ. ಹಿನ್ನೆಲೆಯಲ್ಲಿ ಪಿಯಾನೊ, ಕೆಳಗೆ ಚಪ್ಪಾಳೆ ಎಮೋಜಿಗಳ ಸಾಲು. ಕಿವುಡರ ಸಂಜ್ಞಾ ಭಾಷೆಯನ್ನು ಮಾತಾಗಿ ಬದಲಿಸುವ ಯಂತ್ರ ಇದು ಅಂತ ಶೀರ್ಷಿಕೆ. ಪ್ರತಿ ವರ್ಷ ಎಲ್ಲೋ ಒಂದು ಕಡೆ ಇದು ಮತ್ತೆ ಹುಟ್ಟುತ್ತೆ, ವೈರಲ್ ಆಗುತ್ತೆ, ಆಮೇಲೆ ಸುದ್ದಿನೇ ಇರಲ್ಲ. ಯಾಕೆ? ನಲವತ್ತು ವರ್ಷದಿಂದ ಮಾಡ್ತಾ ಇದ್ದರೂ ಇದನ್ನು ಹಾಕಿಕೊಂಡು ಬಸ್ ಹತ್ತಿದ ಒಬ್ಬ ಕಿವುಡ ವ್ಯಕ್ತಿಯನ್ನೂ ನಾವು ಯಾಕೆ ನೋಡಿಲ್ಲ? ಇವತ್ತು ಅದೇ ವಿಷಯ.

ನಮ್ಮ ಗ್ಲೌಸ್ ಹೇಗಿತ್ತು ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಬಹುತೇಕ ಎಲ್ಲವೂ ಹೀಗೇ ಇರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಫ್ಲೆಕ್ಸ್ ಸೆನ್ಸರ್ ಸಿಗುತ್ತೆ. ತೆಳ್ಳಗಿನ ಪಟ್ಟಿ, ನೆಟ್ಟಗಿದ್ದಾಗ ಅದರ ವಿದ್ಯುತ್ ರೋಧ ಒಂದು ಮಟ್ಟದಲ್ಲಿರುತ್ತೆ, ಬಾಗಿಸಿದಷ್ಟೂ ಹೆಚ್ಚುತ್ತೆ. ಬೆರಳಿಗೊಂದರಂತೆ ಐದು ಪಟ್ಟಿ ಹೊಲಿದ್ವಿ. ಆಗ ನಮ್ಮ ಬಜೆಟ್‌ನಲ್ಲಿ ಅತಿ ದುಬಾರಿ ಬಾಬತ್ತು ಅದೇ. ಕೈ ಯಾವ ಕಡೆ ವಾಲಿದೆ ಅಂತ ತಿಳಿಯೋಕೆ ಒಂದು ಆಕ್ಸಿಲರೋಮೀಟರ್. ಎಲ್ಲದರ ಅಂಕಿಗಳೂ ಒಂದು ಆರ್ಡುಯಿನೊ ಬೋರ್ಡಿಗೆ ಹೋಗ್ತಿದ್ವು. ಒಳಗೆ ನಾವು ಬರೆದ ಪಟ್ಟಿ: ತೋರುಬೆರಳು ಇಷ್ಟು ಬಾಗಿ ಉಳಿದವು ನೆಟ್ಟಗಿದ್ದರೆ ವಾಕ್ಯ ಒಂದು, ಮುಷ್ಟಿ ಕಟ್ಟಿದರೆ ವಾಕ್ಯ ಎರಡು. ಬ್ಲೂಟೂತ್ ಮೂಲಕ ವಾಕ್ಯದ ನಂಬರು ಫೋನಿಗೆ. ಫೋನು ಅದನ್ನು ಓದುತ್ತೆ. ಒಟ್ಟು ಆರು ವಾಕ್ಯ.

ಅದಕ್ಕೆ ಆ ವರ್ಷದ ಅತ್ಯುತ್ತಮ ಪ್ರಾಜೆಕ್ಟ್ ಬಹುಮಾನ ಬಂತು. ಕಾಲೇಜಿನ ಹುಡುಗರು ‘ಮೂಕರಿಗೆ ಮಾತು ಕೊಟ್ಟರು’ ಅಂತ ಸುದ್ದಿಯೂ ಆಯ್ತು. ಆ ಸಭಾಂಗಣದಲ್ಲಿ ಒಬ್ಬರೂ ಕಿವುಡರು ಇರಲಿಲ್ಲ. ಪ್ರಾಜೆಕ್ಟ್ ಮಾಡಿದ ಎಂಟು ತಿಂಗಳಲ್ಲೂ ನಾವು ಒಬ್ಬರನ್ನೂ ಮಾತಾಡಿಸಿರಲಿಲ್ಲ. ಇದು ಹೊಳೆದದ್ದು ನಮ್ಮ ಗುಂಪಿನ ಗೆಳೆಯನ ಅತ್ತೆ ಮಗ ಮನೆಗೆ ಬಂದಾಗ. ಅವರು ಹುಟ್ಟಿನಿಂದ ಕಿವುಡರು, ಅಕೌಂಟ್ಸ್ ಕೆಲಸದಲ್ಲಿದ್ದವರು. ನಾವು ಹೆಮ್ಮೆಯಿಂದ ಗ್ಲೌಸ್ ಹಾಕಿಸಿ, ಯಾವ ಬೆರಳು ಮಡಚಬೇಕು ಅಂತ ತೋರಿಸಿಕೊಟ್ವಿ. ಅವರು ಆರೂ ವಾಕ್ಯ ಆಡಿಸಿ ನೋಡಿದ್ರು, ನಕ್ಕರು, ಗ್ಲೌಸ್ ಬಿಚ್ಚಿಟ್ರು. ಆಮೇಲೆ ವಾಟ್ಸ್‌ಆ್ಯಪ್ ತೆಗೆದು ಟೈಪ್ ಮಾಡಿದ್ರು: ‘ಇದು ಯಾವ ಭಾಷೆ?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ ಸನ್ನೆಗಳನ್ನು ನಾವೇ ಹಾಸ್ಟೆಲ್‌ನಲ್ಲಿ ಕೂತು ಕಟ್ಟಿದ್ವಿ. ಸೆನ್ಸರಿಗೆ ಸುಲಭವಾಗಲಿ ಅಂತ.

ಸಂಜ್ಞಾ ಭಾಷೆ ಅಂದ್ರೆ ಕೈಯಲ್ಲಿ ಮಾಡುವ ಅಭಿನಯ, ಇಡೀ ಲೋಕಕ್ಕೆಲ್ಲ ಒಂದೇ, ಮಾತಿನ ಭಾಷೆಯ ಬೆರಳ ಅನುವಾದ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೀವಿ. ಮೂರೂ ತಪ್ಪು. ಅಮೆರಿಕದ ಕಿವುಡರದ್ದು ಒಂದು ಭಾಷೆ, ಬ್ರಿಟನ್ನಿನವರದ್ದು ಇನ್ನೊಂದು. ಇಬ್ಬರ ಸುತ್ತಲೂ ಇಂಗ್ಲಿಷೇ ಇದ್ದರೂ ಒಬ್ಬರದ್ದು ಇನ್ನೊಬ್ಬರಿಗೆ ಅರ್ಥವಾಗಲ್ಲ. ಭಾರತದ್ದು ಬೇರೆಯೇ: ಭಾರತೀಯ ಸಂಜ್ಞಾ ಭಾಷೆ. ಇವೆಲ್ಲ ಪೂರ್ಣ ಪ್ರಮಾಣದ ಭಾಷೆಗಳು ಅಂತ ಭಾಷಾವಿಜ್ಞಾನ ಒಪ್ಪಿಕೊಳ್ಳೋಕೆ ಶುರು ಮಾಡಿದ್ದು 1960ರಲ್ಲಿ, ವಾಷಿಂಗ್ಟನ್ನಿನ ಗ್ಯಾಲೊಡೆಟ್‌ನಲ್ಲಿ ಇಂಗ್ಲಿಷ್ ಕಲಿಸ್ತಿದ್ದ ವಿಲಿಯಂ ಸ್ಟೋಕಿ ತಮ್ಮ ಅಧ್ಯಯನ ಪ್ರಕಟಿಸಿದ ಮೇಲೆ. ನಾವು ಆಡುವ ಪದಗಳು ಸ್ವರ ವ್ಯಂಜನಗಳಿಂದ ಆದ ಹಾಗೆ, ಒಂದು ಸಂಜ್ಞೆಯೂ ಕೈಯ ಆಕಾರ, ಕೈ ಇರುವ ಜಾಗ, ಅದರ ಚಲನೆ ಅನ್ನೋ ಸಣ್ಣ ತುಂಡುಗಳಿಂದ ಕಟ್ಟಿದ್ದು ಅಂತ ಅವರು ತೋರಿಸಿದ್ರು. ಅಂಗೈ ಯಾವ ಕಡೆಗಿದೆ, ಮುಖ ಏನು ಮಾಡ್ತಿದೆ ಅನ್ನೋದನ್ನ ಆಮೇಲಿನವರು ಸೇರಿಸಿದ್ರು.

ಈ ಐದರಲ್ಲಿ ನಮ್ಮ ಗ್ಲೌಸ್ ಹಿಡಿದದ್ದು ಎಷ್ಟು? ಕೈಯ ಆಕಾರ, ಜೊತೆಗೆ ಅಂಗೈಯ ವಾಲಿಕೆ ಸ್ವಲ್ಪ. ಕೈ ಹಣೆಯ ಹತ್ತಿರ ಇದೆಯೋ ಎದೆಯ ಹತ್ತಿರವೋ ಅದಕ್ಕೆ ಗೊತ್ತಿಲ್ಲ. ಜಾಗ ಬದಲಾದರೆ ಪದವೇ ಬದಲಾಗುತ್ತೆ. ಕೊಡು, ಸಹಾಯ ಮಾಡು ಇಂಥ ಕ್ರಿಯಾಪದಗಳಲ್ಲಿ ಕೈ ನನ್ನಿಂದ ನಿಮ್ಮ ಕಡೆ ಹೋದರೆ ‘ನಾನು ನಿಮಗೆ’, ನಿಮ್ಮಿಂದ ನನ್ನ ಕಡೆ ಬಂದರೆ ‘ನೀವು ನನಗೆ’. ಕನ್ನಡದಲ್ಲಿ ನಾವು ವಿಭಕ್ತಿ ಪ್ರತ್ಯಯದಲ್ಲಿ ಮಾಡುವ ಕೆಲಸವನ್ನ ಅಲ್ಲಿ ದಿಕ್ಕು ಮಾಡುತ್ತೆ. ಬೆರಳು ಮಾತ್ರ ಎರಡರಲ್ಲೂ ಒಂದೇ ಥರ ಬಾಗಿರುತ್ತೆ.

ಇನ್ನು ಮುಖ. ಹುಬ್ಬು ಏರಿಸೋದು, ಕಣ್ಣು ಅಗಲಿಸೋದು, ತಲೆ ಮುಂದಕ್ಕೆ ಬಾಗಿಸೋದು ಬರೀ ಭಾವನೆ ಅಲ್ಲ, ವ್ಯಾಕರಣ. ಅದೇ ಸಂಜ್ಞೆಗಳ ಸಾಲು ಹೇಳಿಕೆಯೋ ಪ್ರಶ್ನೆಯೋ ಅಂತ ತೀರ್ಮಾನ ಆಗೋದು ಅಲ್ಲಿ. ಅನೇಕ ಸಂಜ್ಞಾ ಭಾಷೆಗಳಲ್ಲಿ ‘ಇಲ್ಲ’ ಅನ್ನೋದನ್ನ ಹೊರುವುದು ಅಲ್ಲಾಡುವ ತಲೆ. ಆಸ್ಪತ್ರೆಯಲ್ಲಿ ಒಬ್ಬರು ‘ನೋವು’ ಅನ್ನೋ ಸಂಜ್ಞೆ ಮಾಡಿ ತಲೆ ಅಲ್ಲಾಡಿಸಿದರು ಅಂದುಕೊಳ್ಳಿ. ಗ್ಲೌಸ್ ಡಾಕ್ಟರಿಗೆ ಹೇಳೋದು ‘ನೋವಿದೆ’ ಅಂತ. ಅದೂ ಸ್ಪಷ್ಟವಾದ, ಯಾರೂ ಅನುಮಾನಿಸದ ಯಂತ್ರದ ದನಿಯಲ್ಲಿ.

ಭಾರತೀಯ ಸಂಜ್ಞಾ ಭಾಷೆಯ ವ್ಯಾಕರಣದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಭಾಷಾವಿಜ್ಞಾನಿ ಉಲ್ರಿಕ್ ಝೆಶಾನ್ ಇದನ್ನು ದಾಖಲಿಸಿದ್ದಾರೆ. ಅಲ್ಲಿ ಒಂದು ಸಾಮಾನ್ಯ ಪ್ರಶ್ನೆ ಸಂಜ್ಞೆ ಇದೆ, ವಾಕ್ಯದ ಕೊನೆಗೆ ಬರುತ್ತೆ. ಅದಕ್ಕೆ ‘ಜಾಗ’ ಸೇರಿದರೆ ಎಲ್ಲಿ, ‘ಸಮಯ’ ಸೇರಿದರೆ ಯಾವಾಗ, ‘ಮುಖ’ ಸೇರಿದರೆ ಯಾರು. ಎಷ್ಟು ಚೊಕ್ಕ ಅಲ್ವಾ? ಕ್ರಿಯಾಪದವೂ ಸಾಮಾನ್ಯವಾಗಿ ಕೊನೆಗೇ, ನಮ್ಮ ಕನ್ನಡದ ಹಾಗೆ. ಹೀಗಾಗಿ ಸಂಜ್ಞೆಗೊಂದು ಇಂಗ್ಲಿಷ್ ಪದ ಜೋಡಿಸ್ತಾ ಹೋದರೆ ಅದು ಅನುವಾದ ಆಗಲ್ಲ, ಪದಗಳ ರಾಶಿ ಆಗುತ್ತೆ.

ಕೊನೆ ವರ್ಷದ ಪ್ರಾಜೆಕ್ಟುಗಳಲ್ಲಿ ಇನ್ನೊಂದು ತಮಾಷೆ. ನಮ್ಮ ಜೂನಿಯರ್‌ಗಳು ಸನ್ನೆಗಳನ್ನು ತಾವೇ ಕಟ್ಟಲಿಲ್ಲ, ಇಂಟರ್ನೆಟ್ಟಿನಿಂದ ಅಕ್ಷರಮಾಲೆ ಇಳಿಸಿಕೊಂಡ್ರು. ಪುಕ್ಕಟೆ ಸಿಗುವ ಪ್ರಸಿದ್ಧ ಡೇಟಾಸೆಟ್ ಅಮೆರಿಕನ್ ಸಂಜ್ಞಾ ಭಾಷೆಯದ್ದು. ಅದರಲ್ಲೂ ಇರೋದು 24 ಅಕ್ಷರ. ಜೆ ಮತ್ತು ಝಡ್ ಇಲ್ಲ, ಯಾಕಂದ್ರೆ ಅವೆರಡಕ್ಕೆ ಕೈ ಚಲಿಸಬೇಕು, ಒಂದು ಫೋಟೊದಲ್ಲಿ ಅದು ಸಿಗಲ್ಲ. ಅಮೆರಿಕದ ಬೆರಳಕ್ಷರ ಒಂದೇ ಕೈಯದ್ದು. ನಮ್ಮ ದೇಶದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಬಳಸೋದು ಎರಡು ಕೈಯದ್ದು. ಅಂದ್ರೆ ಇಲ್ಲಿ ಯಾರೂ ಆಡದ ಭಾಷೆಯ ಇಪ್ಪತ್ನಾಲ್ಕು ಅಕ್ಷರಗಳನ್ನು ಗುರುತಿಸಿ ನಾವು ಬಹುಮಾನ ಹಂಚಿಕೊಳ್ತಿದ್ವಿ. ಅಷ್ಟಕ್ಕೂ ಕಿವುಡರು ದಿನದ ಮಾತನ್ನೆಲ್ಲ ಅಕ್ಷರ ಅಕ್ಷರ ಬಿಡಿಸಿ ಆಡಲ್ಲ. ಹೆಸರು, ಊರು, ಹೊಸ ಪದಕ್ಕೆ ಮಾತ್ರ ಅದು.

ಈ ತಪ್ಪು ಮಾಡಿದವರಲ್ಲಿ ನಾವು ಮೊದಲಿಗರಲ್ಲ ಅನ್ನೋದೊಂದು ಸಣ್ಣ ಸಮಾಧಾನ. 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಗ್ಯಾರಿ ಗ್ರೈಮ್ಸ್ ಹೆಸರಲ್ಲಿ ಒಂದು ಡೇಟಾ ಗ್ಲೌಸ್‌ಗೆ ಪೇಟೆಂಟ್ ಸಿಕ್ತು. ಬೆರಳಕ್ಷರದ ಆಕಾರಗಳಿಂದ ಕಂಪ್ಯೂಟರಿಗೆ ಅಕ್ಷರ ಊಡಿಸೋದು ಅದರ ಉದ್ದೇಶ, ಕೀಬೋರ್ಡಿಗೆ ಬದಲಿಯಾಗಿ. ಎಂಬತ್ತರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ‘ಟಾಕಿಂಗ್ ಗ್ಲೌ’ ಬಂತು. 2001ರಲ್ಲಿ ಕೊಲರಾಡೊದ ಹೈಸ್ಕೂಲ್ ಹುಡುಗ ರಯಾನ್ ಪ್ಯಾಟರ್ಸನ್ ಇಂಥದ್ದಕ್ಕೇ ರಾಷ್ಟ್ರೀಯ ವಿಜ್ಞಾನ ಸ್ಪರ್ಧೆ ಗೆದ್ದ. 2012ರಲ್ಲಿ ಉಕ್ರೇನಿನ ವಿದ್ಯಾರ್ಥಿಗಳ ‘ಎನೇಬಲ್‌ಟಾಕ್’ ಮೈಕ್ರೊಸಾಫ್ಟ್‌ನ ಇಮ್ಯಾಜಿನ್ ಕಪ್ ಗೆದ್ದಿತು.

2016ರದ್ದು ಮಾತ್ರ ಸ್ವಲ್ಪ ನಿಂತು ನೋಡಬೇಕಾದ ಕಥೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಪದವಿ ವಿದ್ಯಾರ್ಥಿಗಳು ‘ಸೈನ್‌ಅಲೌಡ್’ ಅನ್ನೋ ಗ್ಲೌಸ್ ಮಾಡಿ 10,000 ಡಾಲರಿನ ಲೆಮೆಲ್ಸನ್-ಎಂಐಟಿ ಬಹುಮಾನ ಪಡೆದ್ರು. ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದವು. ಆಗ ಅದೇ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಸಂಜ್ಞಾ ಭಾಷೆ ಕಲಿಸುವ ಲ್ಯಾನ್ಸ್ ಫೋರ್‌ಶೇ ಮತ್ತು ಕ್ರಿಸ್ಟಿ ವಿಂಟರ್, ಜೊತೆಗೆ ಭಾಷಾವಿಜ್ಞಾನಿ ಎಮಿಲಿ ಬೆಂಡರ್ ಸೇರಿ ಒಂದು ಬಹಿರಂಗ ಪತ್ರ ಬರೆದ್ರು. ಈ ಗ್ಲೌಸ್ ಸಂಜ್ಞಾ ಭಾಷೆಯನ್ನು ಅನುವಾದಿಸಲ್ಲ, ಮುಖದ ವ್ಯಾಕರಣ ಅದಕ್ಕೆ ಕಾಣಲ್ಲ, ಕಿವುಡ ಸಮುದಾಯವನ್ನು ಕೇಳದೆ ಮಾಡಿದ್ದು, ಇದರಿಂದ ಅನುಕೂಲ ಹೆಚ್ಚಾಗಿ ಕೇಳಿಸುವವರಿಗೇ ಅನ್ನೋದು ಅದರ ಸಾರ. ಯೋಚಿಸಿ, ಒಂದೇ ಕ್ಯಾಂಪಸ್ಸು. ಆ ಹುಡುಗರು ಇನ್ನೊಂದು ವಿಭಾಗದ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ಇದನ್ನು ಓದಿದ ದಿನ ನಮ್ಮ ಹಾಸ್ಟೆಲ್ ಕೋಣೆ ನೆನಪಾಗಿ ಮುಖ ಬಿಸಿಯಾಯ್ತು.

‘ಈಗ ತಂತ್ರಜ್ಞಾನ ಸುಧಾರಿಸಿದೆಯಲ್ಲ’ ಅಂತ ನೀವು ಕೇಳಬಹುದು. ಸುಧಾರಿಸಿದೆ. 2020ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜುನ್ ಚೆನ್ ತಂಡ ರಬ್ಬರಿನಂತೆ ಹಿಗ್ಗುವ ತೆಳು ಸೆನ್ಸರುಗಳ ಗ್ಲೌಸ್ ಮಾಡಿತು. ಹುಬ್ಬುಗಳ ನಡುವೆ, ಬಾಯಿಯ ಪಕ್ಕ ಅಂಟಿಸುವ ಸೆನ್ಸರೂ ಅದರಲ್ಲಿತ್ತು. 660 ಸನ್ನೆ ಮಾದರಿಗಳ ಮೇಲೆ ಪರೀಕ್ಷಿಸಿ ಗರಿಷ್ಠ 98.63% ನಿಖರತೆ ವರದಿ ಮಾಡಿದ್ರು. ಇಂಥ ಪರ್ಸೆಂಟೇಜ್ ನೋಡಿದಾಗ ಕೇಳಬೇಕಾದ ಪ್ರಶ್ನೆ: ಯಾವುದರಲ್ಲಿ 98? ಮೊದಲೇ ಕೊಟ್ಟ ಪಟ್ಟಿಯೊಳಗಿಂದ, ಬಿಡಿ ಬಿಡಿಯಾಗಿ ತೋರಿಸಿದ ಸನ್ನೆಯನ್ನ ಆರಿಸೋದ್ರಲ್ಲಿ. ಅದು ಸಂಭಾಷಣೆ ಅಲ್ಲ. ಆರು ವಾಕ್ಯದ ನಮ್ಮ ಗ್ಲೌಸ್ ಕೂಡ ಪರೀಕ್ಷಕರ ಮುಂದೆ ನೂರಕ್ಕೆ ನೂರು ಸರಿಯಾಗಿತ್ತು!

ನಿಜವಾದ ಸಂಜ್ಞೆಗಳು ಬಿಡಿಯಾಗಿ ಬರಲ್ಲ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುತ್ತೆ, ಉಕಾರ ಲೋಪ ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಕೈಗಳಲ್ಲೂ ಅದೇ ಆಗುತ್ತೆ. ಒಂದು ಸಂಜ್ಞೆ ಮುಗಿಯುವ ಮೊದಲೇ ಕೈ ಮುಂದಿನದಕ್ಕೆ ಸಿದ್ಧವಾಗ್ತಿರುತ್ತೆ. ಎಲ್ಲಿ ಒಂದು ಪದ ಮುಗಿತು, ಯಾವುದು ಪದ, ಯಾವುದು ಬರೀ ದಾರಿ, ಇದನ್ನು ಬಿಡಿಸೋದೇ ಯಂತ್ರಕ್ಕೆ ದೊಡ್ಡ ತಲೆನೋವು.

ಹಾಗಾಗಿ ಗಂಭೀರ ಸಂಶೋಧಕರು ಬಹುಮಟ್ಟಿಗೆ ಗ್ಲೌಸ್ ಬಿಟ್ಟು ಕ್ಯಾಮೆರಾ ಕಡೆ ಹೋಗಿದ್ದಾರೆ. ಕ್ಯಾಮೆರಾಗೆ ಮುಖವೂ ಕಾಣುತ್ತೆ, ಎರಡೂ ಕೈಯೂ ಕಾಣುತ್ತೆ, ಯಾರೂ ಏನನ್ನೂ ತೊಡಬೇಕಿಲ್ಲ. ನಿಮ್ಮ ಫೋನಿನಲ್ಲೇ ಓಡುವ ಗೂಗಲ್‌ನ ಮೀಡಿಯಾಪೈಪ್ ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತೆ. ಆ ಬಿಂದುಗಳು ಕಾಲದ ಜೊತೆ ಹೇಗೆ ಸರಿದಾಡಿದವು ಅನ್ನೋದನ್ನ ನೋಡಿ ಕಂಪ್ಯೂಟರ್ ಕಲಿಯುತ್ತೆ. ಆದರೆ ಕಲಿಯೋಕೆ ಉದಾಹರಣೆ ಬೇಕು, ಲೆಕ್ಕವಿಲ್ಲದಷ್ಟು ಬೇಕು.

ನಮ್ಮ ದೇಶದಲ್ಲಿ ಅಲ್ಲೇ ಕೊರತೆ. 2020ರಲ್ಲಿ ಐಐಟಿ ಮದ್ರಾಸ್‌ನ ತಂಡ ‘ಇನ್‌ಕ್ಲೂಡ್’ ಅನ್ನೋ ಸಂಗ್ರಹ ಹೊರತಂದಿತು. 263 ಪದಗಳು, 4,287 ವಿಡಿಯೊಗಳು. ಚೆನ್ನೈನ ಕಿವುಡರ ಶಾಲೆಯೊಂದರ ವಿದ್ಯಾರ್ಥಿಗಳೇ ಸಂಜ್ಞೆ ಮಾಡಿದ್ದು ಅನ್ನೋದು ನನಗೆ ಮುಖ್ಯ ಅನ್ನಿಸುತ್ತೆ. 2024ರಲ್ಲಿ ಐಐಟಿ ಕಾನ್ಪುರದ ಸಂಶೋಧಕರ ‘ಐಸೈನ್’ ಬಂತು. ಸಂಜ್ಞೆಯ ವಿಡಿಯೊಗೆ ಇಂಗ್ಲಿಷ್ ವಾಕ್ಯ ಹೊಂದಿಸಿದ 1.18 ಲಕ್ಷಕ್ಕೂ ಹೆಚ್ಚು ಜೋಡಿಗಳು. ಅಷ್ಟಿದ್ದರೂ ಯಂತ್ರಗಳ ಅನುವಾದ ಇನ್ನೂ ತೀರಾ ಕಚ್ಚಾ. ಗಮನಿಸಿ, ಇದೆಲ್ಲ ಇಂಗ್ಲಿಷಿಗೆ. ಕನ್ನಡಕ್ಕೆ ತರಬೇಕಾದರೆ ಇನ್ನೊಂದು ಮೆಟ್ಟಿಲು, ಅಲ್ಲಿ ಇನ್ನಷ್ಟು ಸೋರಿಕೆ.

ಊರಿಂದ ಊರಿಗೆ ಸಂಜ್ಞೆ ಬದಲಾಗೋದೂ ಇದೆ. 1970ರ ದಶಕದಲ್ಲಿ ಮದನ್ ವಶಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ನಮ್ಮ ಬೆಂಗಳೂರಿನ ಕಿವುಡರ ಸಂಜ್ಞೆಗಳನ್ನು ಸಂಗ್ರಹಿಸಿ ಹೋಲಿಸಿದ್ರು. ಪದಗಳಲ್ಲಿ ವ್ಯತ್ಯಾಸ ಇದೆ, ಆದರೂ ಇದು ಒಂದೇ ಭಾಷೆಯ ಬಳಗ ಅಂತ ಕಂಡುಕೊಂಡ್ರು. ವಶಿಷ್ಠ ಸ್ವತಃ ಕಿವುಡರು. ಸರ್ಕಾರದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹುಟ್ಟಿದ್ದು 2015ರಲ್ಲಿ. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರಲ್ಲಿ 10,000ಕ್ಕೆ ಬಂತು. 2011ರ ಜನಗಣತಿ ಪ್ರಕಾರ 50 ಲಕ್ಷಕ್ಕೂ ಹೆಚ್ಚು ಜನರಿಗೆ ಶ್ರವಣದೋಷ ಇರುವ ದೇಶ ಇದು. ಎಲ್ಲರೂ ಸಂಜ್ಞಾ ಭಾಷೆ ಆಡ್ತಾರೆ ಅಂತಲ್ಲ. ಕಲಿಯೋ ಅವಕಾಶವೇ ಸಿಗದವರು ಎಷ್ಟೋ ಜನ. ಬಹಳ ಶಾಲೆಗಳಲ್ಲಿ ಮಕ್ಕಳಿಗೆ ತುಟಿ ನೋಡಿ ಮಾತಾಡೋದನ್ನೇ ಕಲಿಸಿದ್ದು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸಂಜ್ಞೆ ಬಿಟ್ಟು ಮಾತನ್ನೇ ಕಲಿಸಿ ಅಂತ ಮತ ಹಾಕಿತ್ತು. ಅದರ ನೆರಳು ಜಗತ್ತಿನ ತುಂಬ ಬಿತ್ತು.

ಈಗ ಆ ದಿನಕ್ಕೆ ವಾಪಸ್ ಬರ್ತೀನಿ. ಗೆಳೆಯನ ಅತ್ತೆ ಮಗ ಎರಡನೇ ಮೆಸೇಜ್ ಕೂಡ ಟೈಪ್ ಮಾಡಿದ್ರು. ‘ನಾನು ಹೇಳಿದ್ದು ಅವರಿಗೆ ಕೇಳಿಸ್ತು. ಅವರು ಹೇಳಿದ್ದು ನನಗೆ?’

ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಗ್ಲೌಸ್ ಒಮ್ಮುಖ ರಸ್ತೆ. ಕಿವುಡರ ಕಷ್ಟ ಏನು ಅಂದ್ರೆ ನಾವು ಆಡೋದು ಅವರಿಗೆ ಕೇಳಲ್ಲ. ನಾವು ಪರಿಹಾರ ಮಾಡಿದ್ದು ನಮ್ಮ ಕಷ್ಟಕ್ಕೆ: ಅವರು ಆಡೋದು ನಮಗೆ ತಿಳಿಯಲ್ಲ. ಅದರ ಖರ್ಚು, ಚಾರ್ಜಿಂಗು, ಬೆವರುವ ಕೈಗೆ ಪ್ಲಾಸ್ಟಿಕ್ಕು, ಎಲ್ಲ ಅವರ ಪಾಲಿಗೆ. ಏನೋ ಹೇಳಬೇಕು ಅಂದ್ರೆ ಅವರು ಫೋನಿನಲ್ಲಿ ಟೈಪ್ ಮಾಡಿ ತೋರಿಸ್ತಾರೆ. ನಮ್ಮ ಎದುರೇ ಅದನ್ನು ಮಾಡಿದ್ರಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಲೈವ್ ಟ್ರಾನ್ಸ್‌ಕ್ರೈಬ್. 2019ರಲ್ಲಿ ಗೂಗಲ್ ಹೊರತಂದ ಆ್ಯಪ್. ಎದುರಿನವರು ಆಡಿದ್ದನ್ನು ತಕ್ಷಣ ಅಕ್ಷರದಲ್ಲಿ ತೋರಿಸುತ್ತೆ, ಕನ್ನಡದಲ್ಲೂ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಿಮಿಟ್ರಿ ಕನೆವ್‌ಸ್ಕಿ ಚಿಕ್ಕಂದಿನಿಂದ ಕಿವುಡರು, ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಸಹಯೋಗವೂ ಇತ್ತು. ಇದೂ ಎಲ್ಲರಿಗೂ ಆಗಲ್ಲ. ಹುಟ್ಟಿನಿಂದ ಸಂಜ್ಞೆಯಲ್ಲೇ ಬೆಳೆದವರಿಗೆ ಬರೆದ ಕನ್ನಡ ಎರಡನೇ ಭಾಷೆ, ಕೆಲವರಿಗೆ ಮೂರನೆಯದು. ನಾವು ಪ್ರತಿ ಸಂಚಿಕೆಗೂ ಹೀಗೆ ಬರಹ ರೂಪ ಕೊಡ್ತೀವಲ್ಲ, ಅದಕ್ಕೂ ಇದೇ ಮಿತಿ ಇದೆ.

ಮಾತು ಮುಖ್ಯವಾದ ಕಡೆ ಬೇಕಾಗೋದು ಮನುಷ್ಯರೇ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸಂಜ್ಞಾ ಭಾಷಾ ಅನುವಾದಕರ ಮೂಲಕ ಸುಪ್ರೀಂ ಕೋರ್ಟಿನಲ್ಲಿ ಹಾಜರಾದ್ರು. ಮರುವರ್ಷ ಕರ್ನಾಟಕ ಹೈಕೋರ್ಟಿನಲ್ಲಿ ವಾದವನ್ನೂ ಮಂಡಿಸಿದ್ರು. ಅಲ್ಲಿ ಗ್ಲೌಸ್ ಇರಲಿಲ್ಲ. ಭಾಷೆ ಗೊತ್ತಿದ್ದ, ಅರ್ಥವಾಗದಿದ್ದರೆ ತಿರುಗಿ ಕೇಳಬಲ್ಲ ಒಬ್ಬ ವ್ಯಕ್ತಿ ಇದ್ದ. ಅಂಥ ತರಬೇತಾದ ಅನುವಾದಕರು ದೇಶದಲ್ಲಿ ತೀರಾ ಕಡಿಮೆ. ಒಂದು ಪೊಲೀಸ್ ಠಾಣೆಗೆ, ಒಂದು ಹೆರಿಗೆ ವಾರ್ಡಿಗೆ ರಾತ್ರಿ ಹನ್ನೊಂದಕ್ಕೆ ಬೇಕು ಅಂದ್ರೆ ಎಲ್ಲಿಂದ ತರೋದು? ವಿಡಿಯೊ ಕಾಲ್‌ನಲ್ಲಿ ಅನುವಾದಕರನ್ನು ಸೇರಿಸೋದು ಇವತ್ತಿನ ಫೋನು, ಇವತ್ತಿನ ಡೇಟಾ ಪ್ಯಾಕಿನಲ್ಲೇ ಆಗುವ ಕೆಲಸ. ಅದಕ್ಕೆ ಬೇಕಿರೋದು ಸಂಬಳ ಕೊಡುವವರು. ಅದು ವೈರಲ್ ಆಗಲ್ಲ, ಅಷ್ಟೇ.

ಬೆರಳಿನ ಸೆನ್ಸರುಗಳೇ ವ್ಯರ್ಥ ಅಂತ ನಾನು ಹೇಳ್ತಿಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತವರು, ಹಾಸಿಗೆಯಲ್ಲಿರುವವರು, ಎರಡು ಬೆರಳು ಮಾತ್ರ ಆಡಿಸಬಲ್ಲವರು ಇದ್ದಾರೆ. ಅವರಿಗೆ ಆರು ವಾಕ್ಯ ಹೇಳುವ ಒಂದು ಗುಂಡಿಯೋ ಪಟ್ಟಿಯೋ ದೊಡ್ಡ ಉಪಕಾರ ಆಗಬಹುದು. ಆದರೆ ಅದು ಸಂಜ್ಞಾ ಭಾಷೆ ಅಲ್ಲ, ಅವರು ಕಿವುಡರೂ ಅಲ್ಲ. ನಾವು ಯಾರಿಗೋ ಬೇಕಿದ್ದ ವಸ್ತುವನ್ನ ಇನ್ಯಾರದೋ ಹೆಸರು ಬರೆದು ಮಾಡಿದ್ವಿ.

ಈ ಸಂಚಿಕೆ ಮಾಡೋ ಮೊದಲು ಗೆಳೆಯನ ಅತ್ತೆ ಮಗನಿಗೆ ಮತ್ತೆ ಮೆಸೇಜ್ ಮಾಡಿದೆ. ಇಷ್ಟು ವರ್ಷದ ಮೇಲೆ ಕೇಳಬೇಕಾದ ಪ್ರಶ್ನೆಯನ್ನ ಕೇಳಿದೆ: ನಿಮಗೆ ಏನು ಬೇಕು? ಒಂದೇ ಸಲಕ್ಕೆ ಪಟ್ಟಿ ಬಂತು. ರೈಲ್ವೆ ಸ್ಟೇಷನ್ನಿನಲ್ಲಿ ಕೊನೆ ಗಳಿಗೆಗೆ ಪ್ಲಾಟ್‌ಫಾರಂ ಬದಲಾಯಿಸಿ ಮೈಕಿನಲ್ಲಿ ಕೂಗ್ತಾರೆ, ಅದು ಫೋನಿಗೆ ಬರಬೇಕು. ಬ್ಯಾಂಕು ‘ಖಚಿತಪಡಿಸೋಕೆ ಕಾಲ್ ಮಾಡ್ತೀವಿ’ ಅನ್ನೋದನ್ನ ನಿಲ್ಲಿಸಿ ವಿಡಿಯೊ ಅಥವಾ ಚಾಟ್ ಇಡಬೇಕು. ಆಸ್ಪತ್ರೆಯಲ್ಲಿ ಹೆಸರು ಕೂಗುವ ಬದಲು ಟೋಕನ್ ನಂಬರು ಬೋರ್ಡಿನಲ್ಲಿ ಬರಬೇಕು. ಡೆಲಿವರಿ ಹುಡುಗರು ಕಾಲ್ ಮಾಡಿ ಮಾಡಿ ವಾಪಸ್ ಹೋಗ್ತಾರೆ, ಅದಕ್ಕೇನಾದ್ರೂ ಮಾಡಿ. ಕೊನೆಗೆ ಒಂದು ಸಾಲು: ಮೊನ್ನೆ ಮದುವೆಯಲ್ಲಿ ನಿಮ್ಮ ಗೆಳೆಯ ನನ್ನ ಪಕ್ಕ ಮೂರು ಗಂಟೆ ಕೂತಿದ್ದ, ಅವನಿಗೆ ಇನ್ನೂ ‘ಊಟ ಆಯ್ತಾ’ ಅನ್ನೋಕೆ ಬರಲ್ಲ.

ಅದನ್ನ ಗೆಳೆಯನಿಗೆ ಫಾರ್ವರ್ಡ್ ಮಾಡಿದೀನಿ. ನಿಘಂಟಿನ ವಿಡಿಯೊ ಲಿಂಕ್ ಸಮೇತ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.